ಅಪ್ಪನ ರಿವಾಲ್ವರಿನ ಮೂರು ಪಟ್ಟೆ

ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂದು, ಠಾಣೆಗೆ ಒಪ್ಪಿಸಿದ್ದ ರಿವಾಲ್ವರ್ ಹರಪನಹಳ್ಳಿಯ ಮನೆಗೆ ಮರಳಿತು. ನಳಿಗೆಯ ಮೇಲೆ ತುಕ್ಕಿನ ಮೂರು ಅಡ್ಡ ಪಟ್ಟೆಗಳಿದ್ದವು. ಪ್ರತಿ ಆಯುಧಪೂಜೆಗೆ ಅಪ್ಪ ಅಲ್ಲಿ ಮೂರು ಬೆರಳಿನಿಂದ ಒದ್ದೆ ವಿಭೂತಿ ಬಳಿದು, ಒರೆಸಬಾರದೆಂದು ಹಾಗೇ ಪೆಟ್ಟಿಗೆಯಲ್ಲಿಡುತ್ತಿದ್ದರು. ಪಟ್ಟೆಗಳು ಅವರ ಬೆರಳಿನಷ್ಟೇ ಅಗಲವಿದ್ದವು.

ಕೊಟ್ಟೂರಿನ ಸೋದರತ್ತೆ ಫೋನಿನಲ್ಲಿ ನಕ್ಕರು. “ನಿಮ್ಮಪ್ಪ ಒಂದ್ ಗುಂಡೂ ಹಾರಿಸ್ಲಿಲ್ಲವ್ವಾ, ಇಬತ್ತಿ ಮಾತ್ರ ತಪ್ಪಿಸ್ಲಿಲ್ಲ. ತುಕ್ಕು ತಿಕ್ಕಿ ತೆಗಿ, ಇಲ್ಲಾಂದ್ರ ಕಬ್ಣಾನ ತಿಂದು ಹಾಕ್ತೈತಿ.”

ತೆಗೆಯಲೇಬೇಕಿತ್ತು. ಆದರೆ ಅಪ್ಪನ ಕೈಯ ಗುರುತೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ಗುಂಡಿಲ್ಲವೆಂದು ಮತ್ತೆ ಮತ್ತೆ ನೋಡಿಕೊಂಡು, ಎಣ್ಣೆ ಹಚ್ಚಿ ನೆನೆಯಲು ಬಿಟ್ಟೆ. ಮರುದಿನ ನವಿರಾದ ಉಕ್ಕಿನ ನಾರಿನಿಂದ ಮೆಲ್ಲಗೆ ಉಜ್ಜಿದೆ. ಒರೆಸಿದ ಬಟ್ಟೆಯೆಲ್ಲ ಕೆಂಪಾಯಿತು. ಉಕ್ಕನ್ನು ಕಪ್ಪಾಗಿಸುವ ದ್ರಾವಣ ಬಳಿದು, ತೊಳೆದು ಒಣಗಿಸಿದಾಗ ಪಟ್ಟೆಗಳು ಕಾಣಲಿಲ್ಲ. ಬೆರಳಾಡಿಸಿದರೆ ಮಾತ್ರ ಮೂರು ಸಣ್ಣ ತಗ್ಗುಗಳು ತಾಕಿದವು.

ಈ ಸಲದ ಆಯುಧಪೂಜೆಗೆ ಒಬ್ಬಳೇ ಕುಳಿತು, ಆ ತಗ್ಗುಗಳ ಮೇಲೆಯೇ ಒಣ ವಿಭೂತಿ ಎಳೆದೆ. ನನ್ನ ಬೆರಳು ಸಣ್ಣವು; ತಗ್ಗುಗಳು ಪೂರ್ತಿ ತುಂಬಲಿಲ್ಲ. ಆರತಿಯಾದ ಮೇಲೆ ಒರೆಸಿ, ಎಣ್ಣೆ ಸವರಿ, ಪೆಟ್ಟಿಗೆ ಮುಚ್ಚಿದೆ.