ಬೀರ ಬೀಸಿದ ಬಟ್ಟೆ

ಬೀರ ಹರಿಕಂತ್ರನಿಗೆ ರಾಜಕೀಯ ಗೊತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ಹೊನ್ನಾವರದ ಅಳವೆಯಿಂದ ಬಡಗಕ್ಕಿರುವ ಅವನ ಕೇರಿಯಲ್ಲಿ ರಾಜಕೀಯ ಗೊತ್ತಿಲ್ಲದವರು ಯಾರಿದ್ದರು? ಭಾರಿ ಬಲೆಯ ಯಂತ್ರದ ಪರ್ಸಿನ್ ಬೋಟುಗಳು ಬಂದು ದಡದ ಮೀನನ್ನೆಲ್ಲ ಬಳಿದುಕೊಂಡು ಹೋಗತೊಡಗಿದ ಮೇಲೆ, ಬೋಟು ಯಾರದು, ಅದರ ಬೆನ್ನಿಗೆ ನಿಂತವರು ಯಾರು ಎಂಬುದು ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರಿಗೂ ಬಾಯಿಪಾಠವಾಗಿತ್ತು.

ಬೀರನ ಕೆಲಸ ನೋಡುವುದು. ಬೆಳಗಿನ ಜಾವ ಗಾಳಿಮರದ ದಿಬ್ಬ ಹತ್ತಿ ಕೂತು, ನೀರಿನ ಬಣ್ಣ ಎಲ್ಲಿ ಕಪ್ಪಾಯಿತು, ಹಕ್ಕಿ ಎಲ್ಲಿ ಎರಗಿತು ಎಂದು ಕಾಯುವುದು. ಮೀನಿನ ಹಿಂಡು ಕಂಡರೆ ಬಟ್ಟೆ ಬೀಸುವುದು. ಬಟ್ಟೆ ಬೀಸಿದರೆ ಉಣ್ಣುತ್ತಿದ್ದವನೂ ಎದ್ದು ಓಡಬೇಕು. ರಂಪಣಿ ಬಲೆ ಒಬ್ಬರಿಬ್ಬರ ಬಲೆಯಲ್ಲ. ದೋಣಿ ಸುತ್ತುಹಾಕಿ ಬಲೆ ಬಿಟ್ಟು ಬಂದ ಮೇಲೆ ದಡದಲ್ಲಿ ಕೇರಿಗೆ ಕೇರಿಯೇ ನಿಂತು ಹಗ್ಗ ಎಳೆಯಬೇಕು. ಹಗ್ಗ ಮುಟ್ಟಿದವನಿಗೆ ಪಾಲು. ಮುಟ್ಟದವ ಎಂಥ ಸಾಹುಕಾರನಾದರೂ ಇಲ್ಲ. ಇನ್ನೊಂದು ಕಟ್ಟಳೆಯೂ ಇತ್ತು. ದಿಬ್ಬದ ಮೇಲಿರುವವ ತಮಾಷೆಗೂ ಬಟ್ಟೆ ಬೀಸುವಂತಿಲ್ಲ. ಬೀರನ ಅಪ್ಪ ಹಾಗೆ ಬೀಸಿರಲಿಲ್ಲ. ಬೀರನೂ ಬೀಸಿರಲಿಲ್ಲ.

ಎಂಬತ್ತರ ಜನವರಿಯ ಚುನಾವಣೆ ಬಂತು. ಮೀನುಗಾರರ ಸಂಘದವರು ಭಟ್ಕಳದಿಂದ ಕುಮಟೆಯ ತನಕ ಕೇರಿ ಕೇರಿ ತಿರುಗಿ, ದೇವರ ಮುಂದೆ ಕಾಯಿ ಒಡೆಸಿ ಮಾತು ತೆಗೆದುಕೊಂಡರು. ದಡದ ಹತ್ತಿರ ಪರ್ಸಿನ್ ಬೋಟು ಬಿಡುವುದಿಲ್ಲ ಎಂದು ಬಾಯಿಬಿಟ್ಟು ಹೇಳುವ ತನಕ ಯಾವ ಪಾರ್ಟಿಗೂ ಓಟಿಲ್ಲ, ಯಾವ ಬಾವುಟವನ್ನೂ ಹಿಡಿಯುವುದಿಲ್ಲ. ಬೀರನ ಕೇರಿಯಲ್ಲಿ ಸಂಘದ ಸೆಕ್ರೆಟರಿ ರಮಾನಂದ. ಇಸ್ತ್ರಿ ಅಂಗಿಯವ, ಚಹಾದಂಗಡಿಯಲ್ಲಿ ಎಲ್ಲರಿಗೂ ಪೇಪರು ಓದಿ ಹೇಳುವವ.

ಓಟು ಹತ್ತಿರ ಬಂದಾಗ ಒಂದು ಪಾರ್ಟಿಯ ಜೀಪು ಬಂದು ದಿಬ್ಬದ ಗಾಳಿಮರಗಳಿಗೆಲ್ಲ ಬಾವುಟ ಕಟ್ಟಿ ಹೋಯಿತು. ಮರುದಿನ ಬೆಳಿಗ್ಗೆ ಬೀರ ಬೀಸುವ ಬಟ್ಟೆಯನ್ನು ಮನೆಯಲ್ಲೇ ಮರೆತು ಬಂದಿದ್ದ. ಅದು ಹೆಂಡತಿ ಗಂಗೆಯ ಹಳೇ ಕೆಂಪು ಸೀರೆಯ ತುಂಡು. ಗಂಜಿ ತರುವಾಗ ತಂದಾಳು ಎಂದು ಸುಮ್ಮನೆ ಕೂತ. ಗಂಗೆಗಿಂತ ಮೊದಲು ತಾರ್ಲೆ ಮೀನಿನ ಹಿಂಡು ಬಂತು. ಆ ವರ್ಷ ಅಷ್ಟು ಹತ್ತಿರಕ್ಕೆ ಬಂದೇ ಇರಲಿಲ್ಲ. ತೆಂಕಲಿಂದ ಬೋಟಿನ ಸದ್ದೂ ಕೇಳತೊಡಗಿತು. ಬೀರ ಕೈಗೆ ಸಿಕ್ಕ ಬಾವುಟವನ್ನೇ ಕಿತ್ತು ಬೀಸಿದ. ಕೇರಿ ಓಡಿತು. ಬಲೆ ತುಂಬಿತು. ಬಟ್ಟೆಯ ಮೇಲಿನ ಗುರುತನ್ನು ಒಬ್ಬನೂ ನೋಡಲಿಲ್ಲ.

ನೋಡಿದವ ಒಬ್ಬನಿದ್ದ. ಅವತ್ತು ಮತ್ತೆ ಬಂದ ಜೀಪಿನೊಳಗಿನ ಪೇಪರಿನವ.

ಎರಡು ದಿನ ಕಳೆದು ಚಹಾದಂಗಡಿಗೆ ಪೇಪರು ಬಂತು. ಬೀರ ಬಾವುಟ ಎತ್ತಿ ನಿಂತಿದ್ದಾನೆ, ಜನ ಓಡುತ್ತಿದ್ದಾರೆ. ಕೆಳಗೆ, ‘ಸಂಘದ ಬಹಿಷ್ಕಾರ ಧಿಕ್ಕರಿಸಿ ಪಕ್ಷದತ್ತ ಹರಿದುಬಂದ ಮೀನುಗಾರರು.’ ಫೋಟೋದಲ್ಲಿ ಬಲೆ ಇರಲಿಲ್ಲ. ಅಷ್ಟು ದೊಡ್ಡ ಬಲೆಯನ್ನು ಬಿಟ್ಟು ಫೋಟೋ ತೆಗೆಯುವುದಕ್ಕೂ ವಿದ್ಯೆ ಬೇಕು!

“ಹೆಂಗೆ ಬೀರಣ್ಣ, ಪಾರ್ಟಿಯವ್ರು ಎಂತ ಕೊಟ್ರು?” ಎಂದ ರಮಾನಂದ.

“ನಾ ತಾರ್ಲೆ ಕಂಡು ಬೀಸ್ದೆ ಮಾರಾಯ. ನೀನೂ ಪಂಚೆ ಎತ್ತಿ ಕಟ್ಕಂಡು ಓಡಿ ಬಂದ್ಯಲ್ಲ, ನಿಂಗೆ ಎಂತ ಕೊಟ್ರು?”

ಅಂಗಡಿಯಲ್ಲಿದ್ದವರು ನಕ್ಕರು. ರಮಾನಂದನ ಮುಖ ಕೆಂಪೇರಿತು. “ನಗಿ, ನಗಿ. ಕುಮಟೆಯ ಸಂಘದವ್ರು ನಮ್ಮ ಮಕಕ್ಕೆ ಉಗಿವಾಗ್ಲೂ ಹೀಂಗೇ ನಗಿ!”

ನಗು ನಿಂತಿತು. ಅವತ್ತೇ ಸಂಜೆ ಬಲೆಯ ಚಪ್ಪರದಲ್ಲಿ ಕೂಟ ಸೇರಿತು. ರಮಾನಂದ ತೀರ್ಪನ್ನು ಮೊದಲೇ ಕಟ್ಟಿಕೊಂಡು ಬಂದಿದ್ದ. “ನಾಳೆ ಎದುರು ಪಾರ್ಟಿಯವ್ರ ಸಭೆ ಅದೆ. ಬೀರ ಸ್ಟೇಜು ಹತ್ತಿ ಇದೇ ಬಾವುಟ ಸುಡಬೇಕು. ಪೇಪರಿನವ್ರೂ ಬರ್ತ್ರು.”

“ಸುಡದಿದ್ರೆ?”

“ದಿಬ್ಬ ಹತ್ತೂದು ಬ್ಯಾಡ. ನೀ ಬೀಸಿದ ಬಟ್ಟೆಗೆ ಇನ್ನು ಯಾರೂ ಓಡೂದಿಲ್ಲ.”

ಬಲೆಗೂ ದೋಣಿಗೂ ಯಜಮಾನನಾದ ತಾಂಡೇಲ ವೆಂಕಟನ ಮುಖವನ್ನು ಬೀರ ನೋಡಿದ. ವೆಂಕಟ ಹರಿದ ಬಲೆ ಹೆಣೆಯುತ್ತಿದ್ದವ ತಲೆ ಎತ್ತಲಿಲ್ಲ. ದಿಬ್ಬ ಹೋದರೆ ಬೀರ ಯಾರು? ಹುಟ್ಟು ಹಾಕಲು ಬಾರದ, ಈಜಲು ವಯಸ್ಸಾದ ಒಬ್ಬ ಮುದುಕ.

ಮನೆಯಲ್ಲಿ ಗಂಗೆ, “ಸುಟ್ಬಿಡಿ. ಒಂದು ಬಟ್ಟೆ ತುಂಡಿಗೆ ಎಂತಕೆ ಇಷ್ಟು ರಗಳೆ?” ಎಂದಳು.

“ಯಾವ ಪಾರ್ಟಿಗೂ ಇಲ್ಲ ಅಂತ ಕಾಯಿ ಒಡೆದದ್ದು. ಈಗ ಆ ಪಾರ್ಟಿ ಸ್ಟೇಜು ಹತ್ತು ಅಂತ್ರಲ್ಲೇ! ಅದೂ ಒಂದು ಫೋಟೋವೇ ಅಲ್ವಾ?”

ಆದರೂ ಮಾರನೆಯ ಸಂಜೆ ಹೋದ. ಕೇರಿಯವರೆಲ್ಲ ಮುಂದೆ ಕೂತಿದ್ದರು. ಪಾರ್ಟಿಯ ಮುಖಂಡರು ಬೀರನ ಹೆಗಲ ಮೇಲೆ ಕೈಹಾಕಿ ಬೆಂಕಿಪೊಟ್ಟಣ ಕೊಟ್ಟರು. ಕ್ಯಾಮೆರಾ ಎತ್ತಿಯಾಗಿತ್ತು. ಬೀರ ಮೈಕಿನ ಹತ್ತಿರ ಬಾಯಿ ತಂದ.

“ಒಡ್ಯಾ, ಮೊದ್ಲು ನೀವು ಹೇಳಿ. ದಡದ ಹತ್ರ ಪರ್ಸಿನ್ ಬಿಡೂದಿಲ್ಲ ಅಂತ. ಹೇಳಿದ ಕೂಡ್ಲೇ ಸುಡ್ತೆ.”

ಅವರು ನಕ್ಕರು. “ಗೆದ್ದ ಮೇಲೆ ಎಲ್ಲ ಕೂತು ಮಾತಾಡೋಣ.”

ಬೀರ ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟು, ಬಾವುಟವನ್ನು ಕಂಕುಳಲ್ಲಿ ಒತ್ತಿಕೊಂಡು ಇಳಿದ. ಮೆಟ್ಟಿಲ ಬುಡದಲ್ಲೇ ರಮಾನಂದ ಹಲ್ಲು ಕಚ್ಚಿ, “ನಿನ್ನ ದಿಬ್ಬ ಮುಗೀತು” ಎಂದ.

ಬೆಳಿಗ್ಗೆ ಬೀರ ಕೆಂಪು ಸೀರೆಯ ತುಂಡು ಹಿಡಿದು ದಿಬ್ಬ ಹತ್ತಿದ. ಯಾರೂ ತಡೆಯಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ಬಿಸಿಲೇರುವಾಗ ನೀರು ಕಪ್ಪಾಯಿತು. ಬೀಸಿದ. ಜನ ಅಂಗಳಕ್ಕೆ ಬಂದರು. ಅಲ್ಲೇ ನಿಂತರು. ರಮಾನಂದ ಮರಳಿನ ಮೇಲೆ ಎರಡೂ ಕೈ ಚಾಚಿ, “ಯಾರೂ ಹೋಗೂಕಾಗ!” ಎಂದು ಕೂಗುತ್ತಿದ್ದ. ಬೀರ ತೋಳು ಸೋಲುವ ತನಕ ಬೀಸಿದ. ಹಿಂಡು ತೆಂಕಕ್ಕೆ ತಿರುಗತೊಡಗಿತು. ಬೋಟಿನ ಸದ್ದು ಬಂತು. ಕಡಲೇ, ಇವರ ಕಾಲು ಬಿದ್ದುಹೋಯಿತೇ?

ಗಂಗೆ ಒಬ್ಬಳೇ ಓಡಿ ಬಂದು ದೋಣಿಯ ಬದಿಗೆ ಹೆಗಲು ಕೊಟ್ಟಳು. ದೋಣಿ ಅಲುಗಲಿಲ್ಲ. ಅದನ್ನು ನೋಡಲಾರದೆ ವೆಂಕಟ ಹೊರಬಿದ್ದ. “ನಿನ್ನೆ ಅಂವ ಸ್ಟೇಜಲ್ಲಿ ಕೇಳಿದ್ದು ನಾವು ಕಾಯಿ ಒಡೆದ ಮಾತೇ ಅಲ್ಲನ್ರಾ? ಬಾಯಿ ಬಿಟ್ಕಂಡು ನೋಡೂದೆಂತ, ನೂಕಿ ದೋಣಿ!”

ಓಡಿದರು. ತಡವಾಗಿತ್ತು. ಹಿಂಡಿನ ತಲೆಯನ್ನು ಬೋಟು ನುಂಗಿತ್ತು, ಇವರ ಬಲೆಗೆ ಬಾಲ ಸಿಕ್ಕಿತು. ಯಾರೂ ಬೀರನನ್ನು ಬೈಯಲಿಲ್ಲ. ಬಲೆ ದಡಕ್ಕೆ ಬರುವ ಹೊತ್ತಿಗೆ ರಮಾನಂದನೂ ಬಂದು ಹಗ್ಗದ ತುದಿ ಮುಟ್ಟಿದ. ಅವನಿಗೂ ಪಾಲು ಹಾಕಿದರು, ಕಟ್ಟಳೆ ಕಟ್ಟಳೆಯೇ.

ಓಟಿನ ದಿನ ಬೀರ ದಿಬ್ಬದಿಂದ ಇಳಿಯಲಿಲ್ಲ. ಪರ್ಸಿನ್ ಬಿಡುವುದಿಲ್ಲ ಎಂದು ಯಾರೂ ಹೇಳಿರಲಿಲ್ಲವಲ್ಲ. ಓಟು ಹಾಕುವ ಶಾಲೆಯ ದಾರಿ ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಒಬ್ಬೊಬ್ಬರಾಗಿ, ಬೇಲಿಯ ಮರೆಯಲ್ಲಿ ಹೋದವರಿದ್ದರು. ಇಸ್ತ್ರಿ ಅಂಗಿಯೊಂದೂ ಕಂಡಿತು.

ಗಂಜಿ ತಂದ ಗಂಗೆ ಕೇಳಿದಳು, “ಯಾರ್ಯಾರು ಹೋದ್ರು?”

“ನಾ ಆ ಕಡೆ ನೋಡೂದಿಲ್ಲ” ಎಂದು ಬೀರ ಗಂಜಿಗೆ ಕೈಹಾಕಿದ.

ಗಂಗೆ ಮೀನಿನ ಬುಟ್ಟಿ ಹೊತ್ತು ಹೊನ್ನಾವರದ ಪೇಟೆಗೆ ಹೊರಟಳು. ತಲೆಯ ಮೇಲೆ, ಬುಟ್ಟಿಯ ಅಡಿಗೆ, ಆ ಬಾವುಟ ಸಿಂಬಿಯಾಗಿ ಸುತ್ತಿಕೊಂಡಿತ್ತು.