ಬಾವಿಗಿಳಿಸಿದ ಬಲ್ಬು

ನನ್ನ ಅಮ್ಮಮ್ಮನಿಗೆ ಇಡೀ ಜಗತ್ತಿನ ಮೇಲೆ ಗುಮಾನಿ. ಮಳೆ ಹಿಡಿಯುವ ಮುಂಚೆ ಒಣ ಸೌದೆ ಅಟ್ಟ ಏರಲೇಬೇಕು, ಲಾಟೀನಿನ ಗಾಜನ್ನು ಬೂದಿ ಹಾಕಿ ಉಜ್ಜಿಡಲೇಬೇಕು, ಬಚ್ಚಲಿನ ದಾರಿಯಲ್ಲಿ ಹಾವು ಕಡಿದರೆ ಯಾರು ಯಾವ ಮನೆಗೆ ಓಡಬೇಕು ಎನ್ನುವುದೂ ಮೊದಲೇ ತೀರ್ಮಾನವಾಗಿರಬೇಕು. ಬಿಜೂರಿನ ನಮ್ಮ ಮನೆಯಲ್ಲಿ ಯಾರಾದರೂ ನೆಮ್ಮದಿಯಾಗಿ ಕೂತದ್ದು ಕಂಡರೆ ಅವಳಿಗೆ ತಡೆಯುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಮಾತ್ರ ಸಿಟ್ಟು. ಹೇಳಿದಷ್ಟು ಮಾಡಬೇಕು, ಮುಗಿಯಿತು. ಅವಳು ತೀರಿಕೊಂಡು ಇಷ್ಟು ವರ್ಷವಾದ ಮೇಲೂ ನನಗೆ ಅವಳ ಮೇಲೆ ಕೋಪವಿದೆ, ಕಾರಣ ಹೇಳದೆ ಹೋದಳಲ್ಲ ಎಂದು. ಅವಳಿಗಾದರೂ ಯಾರು ಹೇಳಿದ್ದರೋ ಗೊತ್ತಿಲ್ಲ.

ಬೇಸಗೆಯಲ್ಲಿ ಬಾವಿಯ ಕೆಸರು ತೆಗೆಸುವ ದಿನ ಅವಳದ್ದೊಂದು ಪದ್ಧತಿಯಿತ್ತು. ಕೆಲಸದವರು ಇಳಿಯುವ ಮುಂಚೆ ಬಾಲ್ದಿಯೊಳಗೆ ಹಚ್ಚಿದ ದೀಪವಿಟ್ಟು, ಹಗ್ಗದಲ್ಲಿ ನೀರಿನ ಹತ್ತಿರದವರೆಗೂ ಬಿಡುತ್ತಿದ್ದಳು. ಸ್ವಲ್ಪ ಹೊತ್ತು ಕಾದು ಮೇಲೆಳೆಯುತ್ತಿದ್ದಳು. ದೀಪ ಉರಿಯುತ್ತಲೇ ಬಂದರೆ ಕೆಲಸ ಶುರು. ಒಂದು ವರ್ಷ ಅದು ಕೆಳಗೇ ನಂದಿಹೋಯಿತು. "ಗಂಗೆಗೆ ಇವತ್ ಮನ್ಸಿಲ್ಲ" ಎಂದು ಬಂದವರಿಗೆ ಚಾ ಕೊಟ್ಟು ವಾಪಸು ಕಳಿಸಿದಳು. ಆಮೇಲೆ ಸೊಪ್ಪಿನ ದೊಡ್ಡ ಗೆಲ್ಲೊಂದನ್ನು ಹಗ್ಗಕ್ಕೆ ಕಟ್ಟಿಸಿ ಬಾವಿಯೊಳಗೆ ಮೇಲೆ ಕೆಳಗೆ ಆಡಿಸಿದಳು. ಅದು ಗಂಗೆಗೆ ಗಾಳಿ ಬೀಸುವ ಸೇವೆಯಂತೆ. ಮರುದಿನ ದೀಪ ನಂದಲಿಲ್ಲ. ನಾವು ಮಕ್ಕಳು ಪಕ್ಕದಲ್ಲಿ ಕೈ ಮುಗಿದು ನಿಲ್ಲುತ್ತಿದ್ದೆವು. ಮನೆಯವರೆಲ್ಲರ ಮಟ್ಟಿಗೂ ಅದೊಂದು ಪೂಜೆ.

ಅಮ್ಮಮ್ಮ ಹೋದ ಒಂದೆರಡು ವರ್ಷಕ್ಕೆ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಮಾವ ಊರಿಗೆ ಬಂದು ನಿಂತ. ಮಾವ ಎಂದರೆ ಅಮ್ಮನ ತಮ್ಮ. ಅಮ್ಮನಿಗಿಂತ ತುಂಬಾ ಚಿಕ್ಕವನು. ಅವಳೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಅವನಿಗೂ ಅಮ್ಮಮ್ಮನದೇ ರಕ್ತ, ಎಲ್ಲದಕ್ಕೂ ಮುಂಜಾಗ್ರತೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಟೆಸ್ಟರ್. ಗ್ಯಾಸ್ ಸಿಲಿಂಡರ್ ಮನೆಗೆ ಬಂದರೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡದೆ ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಸುಟ್ಟ ಗಾಯದ ಮುಲಾಮು, ಬ್ಯಾಂಡೇಜು, ಡೆಟಾಲು ತುಂಬಿದ ಡಬ್ಬವೊಂದು ಜಗಲಿಯ ಗೋಡೆಗೆ ನೇತಾಡುತ್ತಿತ್ತು. ಅದನ್ನು ನೋಡಿ ನಾವು ನಗುತ್ತಿದ್ದೆವು, ಕೈ ಕೊಯ್ದುಕೊಂಡಾಗ ಮೊದಲು ಓಡುತ್ತಿದ್ದದ್ದೂ ಅದರ ಹತ್ತಿರವೇ. ಮಾವ ಉಡಾಫೆಯ ಮನುಷ್ಯ ಎಂದು ಆಮೇಲೆ ಊರವರು ಆಡಿದ ಮಾತು ಕೇಳಿ ನನಗೆ ಮೈ ಉರಿದಿತ್ತು. ಅವನಷ್ಟು ಜಾಗರೂಕನಾದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ.

ಬೋರ್‌ವೆಲ್ ಹಾಕಿಸಿದ ಮೇಲೆ ಹಾಡಿಯ ಮರಗಳ ಬದಿಯ ಆ ಬಾವಿಯನ್ನು ಯಾರೂ ಕೇಳುವವರಿರಲಿಲ್ಲ. ಮಕ್ಕಳು ಬೀಳಬಾರದೆಂದು ಮಾವನೇ ಅದರ ಮೇಲೆ ಸೀಳಿದ ಅಡಕೆ ದಬ್ಬೆ, ತೆಂಗಿನ ಮಡಲು ಹಾಸಿ ಮುಚ್ಚಿಸಿದ್ದ. ಹಲಸಿನ ಎಲೆಗಳೂ ಕುಂಬಾಗಿ ಲಡ್ಡು ಹಿಡಿದ ಮಡಲಿನ ಚೂರುಗಳೂ ಸಂದಿಯಿಂದ ಒಳಗೆ ಬಿದ್ದು ಕೊಳೆಯುತ್ತ ಹೋದವು. ಆಮೇಲೊಂದು ಬೇಸಗೆಯಲ್ಲಿ ಬೋರಿನ ನೀರು ನಿಂತಿತು. ಆಗ ನಾನು ರಜೆಗೆಂದು ಬಾರ್ಕೂರಿನ ಗಂಡನ ಮನೆಯಿಂದ ಬಂದಿದ್ದೆ. ಹಳೇ ಬಾವಿಯನ್ನು ಚೊಕ್ಕ ಮಾಡಿದರೆ ಮಳೆ ಬರುವವರೆಗೆ ಸಾಕು ಎಂದ ಮಾವ. ಬಾವಿ ಕೆಲಸದವರು ಆ ಸಮಯದಲ್ಲಿ ಯಾರ ಕೈಗೂ ಸಿಗುವುದಿಲ್ಲ, ಊರಿಗೆ ಊರೇ ಕೆಸರು ತೆಗೆಸುತ್ತಿರುತ್ತದೆ. ಹಾಗಾಗಿ ಮಾವನೂ ನನ್ನ ತಮ್ಮನೂ ತಾವೇ ಮಾಡುವುದೆಂದಾಯಿತು. ತಮ್ಮನಿಗೆ ಆಗ ಡಿಗ್ರಿ ಮುಗಿದಿತ್ತಷ್ಟೇ.

ಮಡಲು ಸರಿಸಿದಾಗ ಒಳಗೆ ಕತ್ತಲೆ. ಮಾವ ಮನೆಯಿಂದ ಉದ್ದದ ವಯರು ಎಳೆದ, ಜೋಡಿಸಿದ ಕಡೆಯಲ್ಲೆಲ್ಲ ಟೇಪು ಸುತ್ತಿದ, ಟೆಸ್ಟರಿನಲ್ಲಿ ಎರಡೆರಡು ಸಲ ಮುಟ್ಟಿ ನೋಡಿದ, ಕಾಲಿಗೆ ರಬ್ಬರಿನ ಚಪ್ಪಲಿ ಹಾಕಿಕೊಂಡ. ಅಮ್ಮ ಬಾವಿಯ ಕಟ್ಟೆಯ ಹತ್ತಿರ ನಿಂತು, ದೀಪ ತರಬೇಕಾ ಎಂದು ಕೇಳಿದಳು.

"ಬಲ್ಬ್ ಇತ್ತಲ್ದಾ ಅಕ್ಕ. ಇದಕ್ಕಿಂತ ಬೆಳ್ಕ್ ಬೇಕಾ?"

ಅಮ್ಮನಿಗೂ ಅದು ಸರಿಯೆನಿಸಿತು. ದೀಪವೆಂದರೆ ಬೆಳಕು, ಗಂಗೆಗೆ ಬೆಳಕು ತೋರಿಸಿದರೆ ಆಯಿತಲ್ಲ. ಬಲ್ಬು ಉರಿಯುತ್ತ ಕೆಳಗಿಳಿಯಿತು. ಅಮ್ಮ ಅದಕ್ಕೇ ಕೈ ಮುಗಿದಳು.

ನಾನು ಒಳಗೆ ಗಂಜಿಗೆ ಚಟ್ನಿ ಅರೆಯುತ್ತಿದ್ದೆ. ಮುಂದಿನದ್ದರಲ್ಲಿ ಎಷ್ಟೋ ನಾನು ಆಮೇಲೆ ಕೇಳಿ ತಿಳಿದದ್ದು. ಮಾವ ಕಲ್ಲಿನ ಗುಳಿಗಳಲ್ಲಿ ಕಾಲಿಟ್ಟು ಸಲೀಸಾಗಿ ಇಳಿದ. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಲಿಲ್ಲ, ಇದ್ದ ಒಂದು ಹಗ್ಗ ಬಾಲ್ದಿಗೆ ಬೇಕಿತ್ತು. ಕೊಳೆತ ಎಲೆಯ ಕೆಸರನ್ನು ಕೈಯಲ್ಲಿ ಕಲಕಿ ತುಂಬಿಸಿದ. ತಮ್ಮ ಒಂದು ಬಾಲ್ದಿ ಮೇಲೆಳೆದು ಚೆಲ್ಲಿ ಬಂದು ನೋಡಿದರೆ ಮಾವ ಬಾವಿಯ ಗೋಡೆಗೆ ಒರಗಿ ನಿಂತಿದ್ದ. ತಲೆ ತಿರುಗುತ್ತಿದೆ ಎಂದನಂತೆ. ಬೆಳಿಗ್ಗೆ ಬರೇ ಚಾ ಕುಡಿದಿದ್ದ, ಹಸಿವಿಗೆ ಹೀಗಾಗಿದೆ, ಮೇಲೆ ಬಂದು ಉಂಡು ಹೋಗು ಎಂದು ಅಮ್ಮ ಹೇಳುತ್ತಿರುವಾಗಲೇ ಅವನ ಮೊಣಕಾಲು ಮಡಚಿತು.

ತಮ್ಮನ ಕೂಗು ಕೇಳಿ ನಾನು ಓಡಿ ಬಂದೆ. ಅವನ ಒಂದು ಕಾಲು ಕಟ್ಟೆಯ ಒಳಗಿತ್ತು. ಅಮ್ಮ ಹಿಂದಿನಿಂದ ಅವನ ಸೊಂಟವನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದು ನೆಲಕ್ಕೆ ಜಗ್ಗುತ್ತಿದ್ದಳು. ಅವನು ಬಿಡು ಬಿಡು ಎಂದು ಕೊಸರುತ್ತಿದ್ದ, ಅವನ ಮೊಣಕೈ ಬಡಿದು ಅಮ್ಮನ ತುಟಿ ಒಡೆದು ರಕ್ತ ಸೀರೆಗೆ ಸುರಿಯುತ್ತಿತ್ತು.

"ನಿನ್ನ ಕಳ್ಸುದಿಲ್ಲ" ಎಂದಳು ಅಮ್ಮ. "ನಾ ಸತ್ರೂ ಕಳ್ಸುದಿಲ್ಲ."

ನಾನು ಗದ್ದೆ ದಾಟಿ ನೆರೆಮನೆಯವರನ್ನು ಕರೆದುಕೊಂಡು ಬಂದೆ. ಅವರು ಸೊಪ್ಪಿನ ಗೆಲ್ಲು ಆಡಿಸಿದರು, ನೀರು ಎರಚಿದರು, ಕೊನೆಗೆ ಒಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಮಾವನನ್ನು ಮೇಲೆ ತಂದರು. ಕುಂದಾಪುರದ ಆಸ್ಪತ್ರೆಯ ಬಾಗಿಲಿನವರೆಗೂ ಅಮ್ಮ ಅವನ ಅಂಗಾಲು ಉಜ್ಜುತ್ತಲೇ ಇದ್ದಳು. ಜೀವ ಹೋಗಿ ಆಗಿದೆ ಎಂದು ಡಾಕ್ಟರು ಹೇಳಿದ ಮೇಲೂ ಉಜ್ಜಿದಳು. ಕೈ ಹಿಡಿದು ಬಿಡಿಸಬೇಕಾಯಿತು.

ಮಾವನ ಹೆಂಡತಿ ಆ ದಿನ ಕಿರಿಮಂಜೇಶ್ವರದ ತವರಿಗೆ ಹೋಗಿದ್ದಳು. ಉತ್ತರಕ್ರಿಯೆಯ ದಿನ ಬೊಜ್ಜದ ಊಟವಾಗಿ ನೆಂಟರು ಎದ್ದ ಮೇಲೆ ಅಮ್ಮನ ಎದುರು ಬಂದು ನಿಂತಳು. ಅಳಲಿಲ್ಲ, ದನಿ ಏರಿಸಲಿಲ್ಲ.

"ನಿಮ್ ಮಗನ್ನ ನೀವ್ ಉಳ್ಸ್ಕಂಡ್ರಿ ಅತ್ಗಿ. ನನ್ ಗಂಡನಿಗೆ ಯಾರೂ ಇರ್ಲಿಲ್ಲ."

ಅಷ್ಟು ಹೇಳಿ ಚೀಲ ಎತ್ತಿಕೊಂಡು ತವರಿಗೆ ಹೋದವಳು ಮತ್ತೆ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನನ್ನ ತಮ್ಮ ಮುಂಬಯಿಗೆ ಹೋಗಿ ಹೋಟೆಲು ಕೆಲಸ ಹಿಡಿದ. ಫೋನು ಮಾಡುತ್ತಾನೆ, ಅಮ್ಮನ ಔಷಧಿಯ ಬಗ್ಗೆ ಕೇಳುತ್ತಾನೆ. ಊರಿಗೆ ಬಂದರೆ ಮಾತ್ರ ಅವಳ ಮುಖ ನೋಡಿ ಮಾತಾಡುವುದಿಲ್ಲ, ಅವಳು ಬಡಿಸುವಾಗ ತಟ್ಟೆಯನ್ನೇ ನೋಡುತ್ತಾನೆ. ಜೀವ ಉಳಿಸಿದ ತಾಯಿಗೆ ಇದೆಂಥ ಮರ್ಯಾದೆ ಎಂದು ನಾನು ಒಮ್ಮೆ ಅವನಿಗೆ ಸರಿಯಾಗಿ ಬೈದೆ. ಅವನು ಎದ್ದು ಹೊರಗೆ ಹೋದ. ಅಮ್ಮ ನನ್ನನ್ನೇ ಗದರಿಸಿ ಸುಮ್ಮನಾಗಿಸಿದಳು.

ಹತ್ತಿರ ಹತ್ತಿರ ಹತ್ತು ವರ್ಷ ಹೀಗೇ ಹೋಯಿತು. ಆಮೇಲೊಮ್ಮೆ ಬೈಂದೂರಿನ ಕಡೆಯ ಶಾಲೆಯೊಂದರಲ್ಲಿ ಅಗ್ನಿಶಾಮಕದವರು ಹೆಂಗಸರ ಸಂಘಗಳಿಗೆ ಪ್ರಾತ್ಯಕ್ಷಿಕೆ ಇಟ್ಟಿದ್ದರು. ಸಿಲಿಂಡರಿಗೆ ಬೆಂಕಿ ಹತ್ತಿದರೆ ಒದ್ದೆ ಗೋಣಿ ಹೇಗೆ ಹಾಕಬೇಕು, ಎಣ್ಣೆ ಹೊತ್ತಿಕೊಂಡರೆ ಯಾಕೆ ನೀರು ಸುರಿಯಬಾರದು ಎಂದೆಲ್ಲ. ಅಮ್ಮನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿದ್ದೆ. ಬೆಂಕಿಯ ನಂತರ ಅಧಿಕಾರಿ ಬಾವಿಯ ವಿಷಯ ಎತ್ತಿದರು. ಮುಚ್ಚಿಟ್ಟ ಬಾವಿಯಲ್ಲಿ ಎಲೆ ಕೊಳೆತು ಉಸಿರಾಡುವ ಗಾಳಿಯೇ ಇಲ್ಲವಾಗುತ್ತದೆ, ಅಲ್ಲಿ ದೀಪ ನಂದುತ್ತದೆ, ಹಿಂದಿನವರು ದೀಪ ಇಳಿಸುತ್ತಿದ್ದದ್ದು ಅದಕ್ಕೆ ಎಂದರು. ಎಲ್ಲ ವಿಷಗಾಳಿಯೂ ದೀಪಕ್ಕೆ ತಿಳಿಯುವುದಿಲ್ಲ, ಆದ್ದರಿಂದ ದೀಪ ಉರಿದರೂ ಸೊಂಟಕ್ಕೆ ಹಗ್ಗವಿಲ್ಲದೆ, ಮೇಲೆ ಜನವಿಲ್ಲದೆ ಇಳಿಯಬೇಡಿ ಎಂದೂ ಹೇಳಿದರು.

ನನಗೆ ಕಿವಿ ಗುಂಯ್ ಎಂದಿತು. ಒಂದು ದೀಪ. ಅಟ್ಟದ ಮೇಲೆ ಅಮ್ಮಮ್ಮನ ಲಾಟೀನು ಇದ್ದೇ ಇತ್ತು. ಅಮ್ಮ ಅಲುಗಲಿಲ್ಲ.

"ಒಬ್ಬರು ಬಿದ್ದರೆ ಎತ್ತಲು ಇನ್ನೊಬ್ಬರು ಹಾಗೇ ಇಳಿಯಬಾರದು. ಎಷ್ಟೇ ಹತ್ತಿರದವರಾದರೂ ತಡೆಯಿರಿ. ಇಳಿದರೆ ಎರಡು ಹೆಣ" ಎಂದರು ಅಧಿಕಾರಿ.

ಆ ಮಾತಿಗಾಗಿ ಅವರ ಕಾಲಿಗೆ ಬೀಳಬೇಕೆನಿಸಿತು. ಇಷ್ಟು ವರ್ಷದಲ್ಲಿ ಒಬ್ಬರೂ ಅಮ್ಮನಿಗೆ ಅದನ್ನು ಹೇಳಿರಲಿಲ್ಲ. ನಾನು ಹೇಳಿದ್ದರೂ ಮಗಳ ಸಮಾಧಾನದ ಮಾತಾಗುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡು, ಕೇಳಿದೆಯಾ ಅಮ್ಮ, ನೀನು ಮಾಡಿದ್ದೇ ಸರಿ, ಅವರೇ ಹೇಳಿದರು ಎಂದೆ. ತಮ್ಮನಿಗೂ ಕಿರಿಮಂಜೇಶ್ವರದ ಅತ್ತೆಗೂ ನಾಳೆಯೇ ಫೋನು ಮಾಡಿ ಹೇಳುತ್ತೇನೆ ಎಂದೆ.

"ಕೇಂಡೆ" ಎಂದಳು ಅಮ್ಮ. "ಯಾರಿಗೂ ಹೇಳ್ಬೇಡ."

ಯಾಕೆ ಎಂದೆ.

"ನಿನ್ ಮಾವನ ಜೀವ ಬಿದ್ ಕೂಡ್ಲೆ ಹೋಯ್ಲಿಲ್ಲ. ಕಣ್ ಬಿಟ್ಟ್ ಮೇಲ್ ಕಾಣ್ತಿದ್ದ. ಬಲ್ಬ್ ಉರಿತಿತ್ತಲೆ, ಮುಖ ಸಮಾ ಕಾಣ್ತಿತ್ತ್. ನಿನ್ ತಮ್ಮನಿಗೂ ಕಂಡಿತ್. ನಾ ಮಗನ್ನ ಹಿಡ್ದ್ ಎಳುದನ್ನ ಅವ ಕೆಳ್ಗಿಂದ ಕಂಡ." ಅವಳು ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. "ನಾ ಕಣ್ ಮುಚ್ಕಂಡೆ."