ಜೋಳದ ಚೀಲದೊಳಗಿನ ಲ್ಯಾಪ್‌ಟಾಪ್

ಇವತ್ತು ಬೆಳಿಗ್ಗೆ ಕಪಾಟು ಒರೆಸುವಾಗ ಹಳೆಯ ಲ್ಯಾಪ್‌ಟಾಪಿನಿಂದ ಒಂದು ಜೋಳದ ಕಾಳು ಉದುರಿತು. ನಿಮ್ಮ ಲ್ಯಾಪ್‌ಟಾಪಿನಿಂದ ಏನು ಉದುರುತ್ತದೋ ಗೊತ್ತಿಲ್ಲ. ನಮ್ಮದು ಒಕ್ಕಲುತನದ ಮನೆ, ಕಾಳೇ ಉದುರಬೇಕು.

ಹೋದ ವರ್ಷದ ಮಾತು. ಗೊಳಸಂಗಿಯ ನಮ್ಮ ಮನೆಯಲ್ಲಿ ಅದರ ಮೇಲೆ ನಾನೇ ಚಹಾ ಚೆಲ್ಲಿದೆ. ತಪ್ಪು ಕಪ್ಪಿನದು ಎಂದು ಇಂದಿಗೂ ವಾದಿಸುತ್ತೇನೆ. ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಆಗಷ್ಟೇ ತೀರಿಕೊಂಡಿದ್ದ ಅವ್ವನ ದನಿ ಇದ್ದದ್ದು ಅದೊಂದರಲ್ಲೇ. ಶೇಂಗಾ ಹೋಳಿಗೆ ಮಾಡುವುದನ್ನು ಹೇಳಿಕೊಡು ಎಂದು ಗಂಟುಬಿದ್ದು, ಅವಳು ಹೋಗುವ ಕೆಲವು ತಿಂಗಳ ಮೊದಲು ವಿಡಿಯೊ ಮಾಡಿಟ್ಟಿದ್ದೆ. ಇನ್ನೊಂದು ಪ್ರತಿ ಇಟ್ಟುಕೊಳ್ಳಬೇಕೆಂಬ ಬುದ್ಧಿ ಬಂದದ್ದು ಚಹಾ ಚೆಲ್ಲಿದ ಮೇಲೆ.

"ಅಕ್ಕಿಯೊಳಗ ಹುಗಿದಿಟ್ರ ನೀರು ಹೀರತೈತಂತ್ರಿ," ಎಂದಳು ಹೆಂಡತಿ. ಫೋನಾಗಿದ್ದರೆ ನಮ್ಮ ಅಕ್ಕಿ ಡಬ್ಬಿ ಸಾಕಾಗುತ್ತಿತ್ತು. ರೊಟ್ಟಿ ತಿನ್ನುವವರ ಮನೆಯಲ್ಲಿ ಲ್ಯಾಪ್‌ಟಾಪ್ ಮುಳುಗುವಷ್ಟು ಅಕ್ಕಿ ಎಲ್ಲಿಂದ ಬರಬೇಕು? ಜೋಳದ ಚೀಲ ಮಾತ್ರ ಎದೆಮಟ್ಟ ಇತ್ತು. ಯಾವ ಕಾಳಾದರೇನು ಎಂದು ಅದರಲ್ಲೇ ಹುಗಿದೆ.

ನಾಲ್ಕಾರು ದಿನ ಬಿಟ್ಟು ಹೊರತೆಗೆದರೆ ಲ್ಯಾಪ್‌ಟಾಪ್ ಮೈತುಂಬ ವಿಭೂತಿ ಬಳಿದುಕೊಂಡ ಸ್ವಾಮಿಯಂತೆ ಕಂಡಿತು. ಹುಳ ಹತ್ತಬಾರದೆಂದು ಜೋಳಕ್ಕೆ ಒಲೆಯ ಬೂದಿ ಕಲಸಿಡುವುದು ನಮ್ಮ ಮನೆಯ ರೂಢಿ. ಹುಟ್ಟಿದಾಗಿನಿಂದ ಅದನ್ನು ನೋಡಿದವನಿಗೆ ಬೇಕಾದ ಹೊತ್ತಿಗೆ ನೆನಪಾಗಲಿಲ್ಲ ನೋಡಿ.

ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ದಸ್ತಗೀರ ನನ್ನ ಕಾಲೇಜಿನ ಗೆಳೆಯ. ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆ. ಅವನು ಸ್ಕ್ರೂ ಬಿಚ್ಚಿ ಉಫ್ ಎಂದು ಊದಿದ. ಬೂದಿಯೆಲ್ಲ ಅವನ ಗಡ್ಡಕ್ಕೇ ಹತ್ತಿತು.

"ಏನಲೇ, ಒಲಿಯಾಗ ಇಟ್ಟಿದ್ದೇನು ಇದನ್ನ?"

"ಜೋಳದಾಗ."

"ಯಾಕ, ಬಿತ್ತಿ ಬೆಳೀಬೇಕಂತ ಮಾಡಿದ್ದೇನು?"

ಅವ್ವನ ವಿಡಿಯೊ ಎಂದೆ. ಅವಳ ಹೋಳಿಗೆಯನ್ನು ನನಗಿಂತ ಹೆಚ್ಚು ತಿಂದವನು, ನಗು ನಿಲ್ಲಿಸಿದ. "ಮಶೀನ್ ಅಂತೂ ಸತ್ತೈತಿ. ಹಾರ್ಡ್ ಡಿಸ್ಕ್ ಬ್ಯಾರೆ ಡಬ್ಬಿಯೊಳಗ ಇರ್ತೈತಿ, ಅದು ಉಳದಿದ್ರ ಉಳದೀತು," ಎಂದು ಅದನ್ನು ಬಿಚ್ಚಿ ತನ್ನ ಕಂಪ್ಯೂಟರಿಗೆ ವಯರು ಹಚ್ಚಿದ. ಏನೂ ಬರಲಿಲ್ಲ. ವಯರು ಬದಲಿಸಿದ. ನಮ್ಮ ಮನೆದೇವರಿಂದ ಹಿಡಿದು ಅವನಂಗಡಿ ಎದುರಿನ ದರ್ಗಾದವರೆಗೆ ಎಲ್ಲರಿಗೂ ಹರಕೆ ಹೊತ್ತೆ. ಕೊನೆಗೂ ಫೈಲುಗಳು ಕಂಡವು. ಅವ್ವನ ವಿಡಿಯೊ ಒಮ್ಮೆ ತಡವರಿಸಿ ನಡೆಯತೊಡಗಿತು.

ನೋಡಿದರೆ ಬರೀ ಚಾವಣಿಯ ಜಂತಿ! ಮುಖ ತೋರಿಸಲು ನಾಚಿ ಅವ್ವ ಲ್ಯಾಪ್‌ಟಾಪಿನ ಮುಚ್ಚಳವನ್ನು ಹಿಂದಕ್ಕೆ ಮಲಗಿಸಿಬಿಟ್ಟಿದ್ದಳು. ದನಿ ಮಾತ್ರ ಗಟ್ಟಿಯಾಗಿತ್ತು.

"ಬೆಲ್ಲ ಎಷ್ಟವ್ವ?" ಎನ್ನುತ್ತಿದ್ದೆ ನಾನು.

"ಹಿಡಿಸೂವಷ್ಟು."

"ಅಂದ್ರ ಎಷ್ಟು?"

"ಕೈಗೆ ಗೊತ್ತಾಕ್ಕೈತಿ. ನಿನ್ನ ಕೈಗೆ ಗೊತ್ತಾಗಲಿಲ್ಲಂದ್ರ ನಾ ಏನು ಮಾಡ್ಲಿ?"

ದಸ್ತಗೀರ ನಗುನಗುತ್ತಲೇ ಕಣ್ಣೊರೆಸಿಕೊಂಡು, ಬೂದಿ ಬಿತ್ತು ಎಂದ. ನಾನು ಯಾವ ನೆಪವನ್ನೂ ಹೇಳದೆ ಅತ್ತೆ. ಕೊನೆಯಲ್ಲಿ ಅವ್ವ ಅಂದಳು: "ಸಾಕು, ಮುಚ್ಚು ಅದನ್ನ. ಜೋಳಕ್ಕ ಬೂದಿ ಕಲಸೋದೈತಿ, ಚೀಲ ಹಿಡಿ ಬಾ."

ಅದೇ ಚೀಲ.

ವಿಡಿಯೊ ಈಗ ಮನೆಮಂದಿಯ ಫೋನುಗಳಲ್ಲೆಲ್ಲ ಇದೆ. ಹೋಳಿಗೆ ಮಾತ್ರ ಯಾರ ಕೈಗೂ ಬಂದಿಲ್ಲ. "ಇದನ್ನ ಗುಜರಿಗೆ ಹಾಕೂಣೇನ್ರಿ?" ಎಂದು ಹೆಂಡತಿ ಇವತ್ತೂ ಕೇಳಿದಳು. ಕೀಲಿಗಳ ಸಂದಿಯಲ್ಲಿ ಅವ್ವ ಕಲಸಿದ ಬೂದಿ ಇನ್ನೂ ಕೂತಿತ್ತು. ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟೆ. ಉದುರಿದ ಕಾಳನ್ನು ಹೆಕ್ಕಿ ಲ್ಯಾಪ್‌ಟಾಪಿನೊಳಗೇ ಹಾಕಿ ಮುಚ್ಚಿದೆ.

"ಇರಲಿ ಬಿಡು," ಎಂದೆ. "ಇದಕ್ಕ ಹುಳ ಹತ್ತಂಗಿಲ್ಲ."